ಸಹಾಯ ಬೇಕು: ಹಳೆ ಕಾರಿನ ಸನ್‌ರೂಫ್ ಡ್ರೈನ್ ಪೈಪ್ ಕಟ್ಟಿದೆ, ಒಳಗೆ ತುಕ್ಕು (ಮೈಸೂರು)

ಎಲ್ಲರಿಗೂ ನಮಸ್ಕಾರ. ಕುವೆಂಪುನಗರದಲ್ಲಿ ನಮ್ಮ ಹಳೆ ಕಾರು ಹೊಂಗೆ ಮರದ ಕೆಳಗೆ ನಿಲ್ಲುತ್ತದೆ. ಜೋರು ಮಳೆ ಬಂದರೆ ಡ್ರೈವರ್ ಕಾಲಿನ ಹತ್ತಿರ ಒದ್ದೆ. ಕಾರ್ಪೆಟ್ ಎತ್ತಿದರೆ ಕೆಳಗಿನ ಸ್ಪಂಜು ಹಿಂಡುವಷ್ಟು ನೀರು. ತಗಡಿನ ಜಾಯಿಂಟ್ ಹತ್ತಿರ ಬಣ್ಣ ಉಬ್ಬಿ, ಕೆರೆದರೆ ತುಕ್ಕು ಪುಡಿಪುಡಿಯಾಗಿ ಉದುರುತ್ತಿದೆ.

ಸನ್‌ರೂಫ್ ಮೂಲೆಯಲ್ಲಿ ಮಳೆನೀರು ಡ್ರೈನ್ ಪೈಪ್‌ಗೆ ಇಳಿಯುವ ತೂತುಗಳಿಗೆ ನಿಧಾನವಾಗಿ ನೀರು ಹಾಕಿ ನೋಡಿದೆ. ಎಡಗಡೆ ಸರಾಗವಾಗಿ ಇಳಿಯಿತು. ಬಲಗಡೆ ಅಲ್ಲೇ ನಿಂತಿತು. ಹೊಂಗೆ ಹೂವು, ಮಣ್ಣು ಸೇರಿ ಕೆಸರಾಗಿದೆ.

ಕಂಪ್ರೆಸರ್ ಗಾಳಿ ಹೊಡೆಸಿ ಅಂತಾರೆ. ಆ ಒತ್ತಡಕ್ಕೆ ಒಳಗಿನ ಪೈಪ್ ಕಳಚಿಕೊಂಡರೆ ರೂಫ್ ಲೈನಿಂಗ್ (ಒಳಗಡೆ ಛಾವಣಿಯ ಹೊದಿಕೆ) ಬಿಚ್ಚಬೇಕಲ್ವಾ? ನೈಲಾನ್ ದಾರ ತೂರಿಸಿ ಕೆಸರನ್ನು ಮೆಲ್ಲಗೆ ತೆಗೆಯಬಹುದಾ? ತುಕ್ಕು ಉಜ್ಜಿ ಪ್ರೈಮರ್ ಹೊಡೆದರೆ ಸಾಕಾ, ತಗಡೇ ಬದಲಿಸಬೇಕಾ? ಅಪ್ಪ ಆಸೆಪಟ್ಟು ಕೊಂಡ ಕಾರು, ಕೊಡೋಕೆ ಮನಸ್ಸಿಲ್ಲ. ಮೈಸೂರು, ಮಂಡ್ಯ ಕಡೆ ತಾಳ್ಮೆಯಿಂದ ಈ ಕೆಲಸ ಮಾಡುವ ಮೆಕ್ಯಾನಿಕ್ ಗೊತ್ತಿದ್ದರೆ ದಯವಿಟ್ಟು ತಿಳಿಸಿ. ಮುಂಗಾರಿಗೆ ಮೊದಲು ಮುಗಿಸಬೇಕು.