ಸಹಾಯ ಬೇಕು: ಪಿಸಿ ಎಕ್ಸ್‌ಟಿಯಲ್ಲಿ ಕರ್ಮಿಟ್, ಸೆಕೆಂಡಿಗೆ 9600 ಬಿಟ್ ವೇಗದಲ್ಲಿ ಅಕ್ಷರಗಳು ಕಳೆದುಹೋಗುತ್ತಿವೆ

ನಮಸ್ಕಾರ. ಅಪ್ಪನ ಹಳೆಯ ಎಕ್ಸ್‌ಟಿ ಕಂಪ್ಯೂಟರಿಗೆ (8088 ಪ್ರೊಸೆಸರ್, 4.77 ಮೆಗಾಹರ್ಟ್ಸ್) ಮತ್ತೆ ಜೀವ ಬಂದಿದೆ. 1990ರ ದಶಕದಲ್ಲಿ ಅವರು ಇದರಿಂದಲೇ ವಿಎಸ್‌ಎನ್‌ಎಲ್ (ಆಗಿನ ಸರ್ಕಾರಿ ಇಂಟರ್ನೆಟ್ ಸಂಸ್ಥೆ) ಶೆಲ್ ಖಾತೆಗೆ (ಬರೀ ಅಕ್ಷರಗಳ ಪರದೆಯ ಖಾತೆ) ಡಯಲ್ ಮಾಡಿ ಮಿಂಚಂಚೆ ಓದುತ್ತಿದ್ದರು. ಆ ಪರದೆಯನ್ನು ಅವರಿಗೆ ಇನ್ನೊಮ್ಮೆ ತೋರಿಸಬೇಕೆಂಬುದು ನನ್ನ ಆಸೆ.

ಮೋಡೆಮ್ ಬದಲು ನಲ್ ಮೋಡೆಮ್ ಕೇಬಲ್ (ಎರಡು ಕಂಪ್ಯೂಟರುಗಳನ್ನು ನೇರವಾಗಿ ಜೋಡಿಸುವ ಸೀರಿಯಲ್ ಕೇಬಲ್) ಮೂಲಕ ಲಿನಕ್ಸ್ ಯಂತ್ರಕ್ಕೆ ಜೋಡಿಸಿದ್ದೇನೆ. ಎಂಎಸ್-ಡಾಸ್ ಕರ್ಮಿಟ್‌ನಲ್ಲಿ (ಟರ್ಮಿನಲ್ ಮತ್ತು ಕಡತ ವರ್ಗಾವಣೆಯ ತಂತ್ರಾಂಶ) ಕಾಮ್1 (ಮೊದಲ ಸೀರಿಯಲ್ ಪೋರ್ಟ್), ವಿಟಿ102 (ಅದು ಅನುಕರಿಸುವ ಟರ್ಮಿನಲ್), ಎಂಟು ಬಿಟ್, ಪ್ಯಾರಿಟಿ ಇಲ್ಲ. 2400ರಲ್ಲಿ ಎಲ್ಲವೂ ಸರಿ. 9600ಕ್ಕೆ ಏರಿಸಿದರೆ, ಪರದೆ ಮೇಲಕ್ಕೆ ಸರಿಯುವ ಹೊತ್ತಿಗೆ ಸರಿಯಾಗಿ ಅಕ್ಷರಗಳು ಮಾಯವಾಗುತ್ತವೆ. ಕಡತ ವರ್ಗಾವಣೆ ಮಾತ್ರ ತಪ್ಪಿಲ್ಲದೆ ಮುಗಿಯುತ್ತದೆ. ಕರ್ಮಿಟ್ ಪ್ರತಿ ಪ್ಯಾಕೆಟ್ಟನ್ನೂ ಪರೀಕ್ಷಿಸಿ, ಕೆಟ್ಟದ್ದನ್ನು ಮತ್ತೆ ತರಿಸಿಕೊಳ್ಳುತ್ತದೆಯಲ್ಲವೇ, ಅದಕ್ಕೇ ಇರಬೇಕು.

ಸೀರಿಯಲ್ ಕಾರ್ಡಿನಲ್ಲಿರುವುದು 8250 ಚಿಪ್. ಅದು ಒಂದೇ ಒಂದು ಅಕ್ಷರವನ್ನು ಹಿಡಿದಿಟ್ಟುಕೊಳ್ಳಬಲ್ಲದು. ಪ್ರೊಸೆಸರ್ ತಡಮಾಡಿದರೆ ಮುಂದಿನದು ಅದರ ಮೇಲೆಯೇ ಬಂದು ಬೀಳುತ್ತದೆ. ಆರ್‌ಟಿಎಸ್/ಸಿಟಿಎಸ್ ನಿಯಂತ್ರಣ (ಕಳಿಸು, ನಿಲ್ಲಿಸು ಎಂದು ಬೇರೆ ತಂತಿಗಳಲ್ಲಿ ಸೂಚಿಸುವ ವಿಧಾನ) ಕೊಟ್ಟರೆ ಏನೂ ರವಾನೆಯಾಗುವುದೇ ಇಲ್ಲ, ಏಕೆಂದರೆ ನನ್ನ ಕೇಬಲಿನಲ್ಲಿರುವುದು ಮೂರೇ ತಂತಿ, ಆ ಸಂಕೇತಗಳಿಗೆ ತಂತಿಯೇ ಇಲ್ಲ.

ಹೊಸ ಕೇಬಲ್ ಬೆಸೆಯಲು ಕುಳಿತಿದ್ದೇನೆ. 25 ಪಿನ್ ಕಡೆಯ 4ನ್ನು (ಆರ್‌ಟಿಎಸ್) 9 ಪಿನ್ ಕಡೆಯ 8ಕ್ಕೆ (ಸಿಟಿಎಸ್), 5ನ್ನು (ಸಿಟಿಎಸ್) 7ಕ್ಕೆ (ಆರ್‌ಟಿಎಸ್) ಜೋಡಿಸಿದರೆ ಸಾಕೇ? ಅಥವಾ ಸಾಕೆಟ್‌ನಲ್ಲಿರುವ 8250 ತೆಗೆದು 16550ಎ ಕೂರಿಸುವುದೇ ಒಳ್ಳೆಯದೇ? ಅದರಲ್ಲಿ 16 ಅಕ್ಷರಗಳು ಕಾಯಬಲ್ಲ ಸಾಲು ಇದೆ. ಎಕ್ಸ್‌ಟಿಯಲ್ಲಿ ಇದನ್ನು ಸ್ವತಃ ಮಾಡಿ ನೋಡಿದವರು ದಯವಿಟ್ಟು ತಿಳಿಸಿ. ಚಿಪ್ ಕೀಳುವಾಗ ಕಾರ್ಡ್ ಹಾಳಾದರೆ ಇನ್ನೊಂದಿಲ್ಲ.