ಪದ ಬೇಕಿದೆ: ‘ಹ್ಯಾಬಿಟಬಲ್ ಝೋನ್’, ‘ಎಕ್ಸೋಪ್ಲಾನೆಟ್’ (ನಾಳೆ ಪ್ರಿಂಟಿಗೆ ಹೋಗಬೇಕು)

ನಮಸ್ಕಾರ. ಹೈಸ್ಕೂಲ್ ಮಕ್ಕಳ ವಿಜ್ಞಾನ ಪ್ರದರ್ಶನಕ್ಕೆ ಟ್ರ್ಯಾಪಿಸ್ಟ್-1 ಬಗ್ಗೆ ಒಂದು ಫ್ಲೆಕ್ಸ್ ಮಾಡುತ್ತಿದ್ದೇವೆ. ಸುಮಾರು 40 ಜ್ಯೋತಿರ್ವರ್ಷ ದೂರದ ಪುಟ್ಟ ಕೆಂಪು ನಕ್ಷತ್ರ, ಅದರ ಸುತ್ತ ಏಳು ಗ್ರಹ. ಹೀಗೆ ಬೇರೆ ನಕ್ಷತ್ರವನ್ನು ಸುತ್ತುವ ಗ್ರಹವೇ ಎಕ್ಸೋಪ್ಲಾನೆಟ್. ಎಕ್ಸೋಪ್ಲಾನೆಟ್‌ಗೆ ‘ಹೊರಗ್ರಹ’, ಹ್ಯಾಬಿಟಬಲ್ ಝೋನ್‌ಗೆ ‘ವಾಸಯೋಗ್ಯ ವಲಯ’ ಅಂತ ಬರೆದಿದ್ದೇನೆ. ನಡೆಯುತ್ತದಾ? ನಾಳೆ ಮಧ್ಯಾಹ್ನದೊಳಗೆ ಹೇಳಿ, ದಯವಿಟ್ಟು.

---

ಎರಡೂ ಬೇಡ. ವಾಸ, ಯೋಗ್ಯ, ವಲಯ, ಮೂರೂ ಸಂಸ್ಕೃತ. ‘ಬಾಳುನೆಲೆ’ ಅಂತ ಹಾಕಿ. ನಕ್ಷತ್ರಕ್ಕೆ ಹಳಗನ್ನಡದಲ್ಲೇ ‘ಅರಿಲ್’ ಇದೆ, ಮಾತಿನಲ್ಲಿ ‘ಚುಕ್ಕಿ’ ಇದೆ. ‘ಹೊರಗ್ರಹ’ ಅರಿಸಮಾಸ, ಕನ್ನಡ ಪದಕ್ಕೆ ಸಂಸ್ಕೃತ ಪದ ಅಂಟಿಸಿದ್ದು. 2019ರಲ್ಲಿ ಹೆಸರಿಡಲು ಭಾರತದ ಪಾಲಿಗೆ ಬಂದ ನಕ್ಷತ್ರಕ್ಕೆ ‘ಬಿಭಾ’, ಅದರ ಗ್ರಹಕ್ಕೆ ‘ಸಂತಮಸ’ ಅಂತ ಹೆಸರಿಟ್ಟರು. ಅಲ್ಲೂ ಸಂಸ್ಕೃತವೇ. ನಮ್ಮ ಮಕ್ಕಳ ಫ್ಲೆಕ್ಸಿನಲ್ಲಾದರೂ ಕನ್ನಡ ಇರಲಿ.

---

‘ಬಿಭಾ’ ಭೌತವಿಜ್ಞಾನಿ ಬಿಭಾ ಚೌಧುರಿ ಅವರ ಹೆಸರು. ಅದನ್ನು ಈ ಜಗಳಕ್ಕೆ ಎಳೆಯಬೇಡಿ.

‘ಬಾಳುನೆಲೆ’ ನಾನು ಒಪ್ಪುವುದಿಲ್ಲ. ಪದ ಎಲ್ಲಿಂದ ಬಂತು ಅನ್ನುವುದು ನನಗೆ ಮುಖ್ಯವಲ್ಲ, ಅರ್ಥವೇ ತಪ್ಪು. ‘ವಾಸಯೋಗ್ಯ’ಕ್ಕೂ ಅದೇ ರೋಗ. ಆ ವಲಯ ಹೇಳುವುದು ಇಷ್ಟೇ: ನಕ್ಷತ್ರದಿಂದ ಅಷ್ಟು ದೂರದಲ್ಲಿ, ತಕ್ಕಷ್ಟು ಗಾಳಿಯ ಒತ್ತಡವೂ ಇದ್ದರೆ, ನೆಲದ ಮೇಲೆ ನೀರು ಹೆಪ್ಪುಗಟ್ಟದೆ, ಆವಿಯಾಗದೆ ನೀರಾಗಿಯೇ ಉಳಿಯಬಹುದು. ನಮ್ಮ ಚಂದ್ರನೂ ಸೂರ್ಯನಿಂದ ಭೂಮಿಯಷ್ಟೇ ದೂರದಲ್ಲಿದ್ದಾನೆ. ಅವನನ್ನು ಬಾಳುನೆಲೆ ಅನ್ನುತ್ತೀರಾ? ಟ್ರ್ಯಾಪಿಸ್ಟ್‌ನ ಏಳರಲ್ಲಿ ಇ, ಎಫ್, ಜಿ ಎಂಬ ಹೆಸರಿನ ಮೂರು ಗ್ರಹ ಈ ವಲಯದಲ್ಲಿವೆ, ಆದರೆ ಅಲ್ಲಿ ಗಾಳಿ ಇದೆಯೋ ಇಲ್ಲವೋ ಅನ್ನುವುದೇ ಇನ್ನೂ ಖಚಿತವಾಗಿಲ್ಲ. ಇಂಥ ಕೆಂಪು ಕುಬ್ಜ ನಕ್ಷತ್ರಗಳು ಆಗಾಗ ಜ್ವಾಲೆ ಉಗುಳುತ್ತವೆ, ಹತ್ತಿರದ ಗ್ರಹದ ಗಾಳಿಯನ್ನೇ ಕಿತ್ತೊಯ್ಯಬಹುದು. ಫ್ಲೆಕ್ಸ್ ಮೇಲೆ ‘ವಾಸಯೋಗ್ಯ’ ಅಂತ ಓದಿದ ಮಗು ಅಲ್ಲಿ ಜನ ಇದ್ದಾರೆ ಅಂದುಕೊಂಡೇ ಮನೆಗೆ ಹೋಗುತ್ತದೆ.

‘ನೀರು ನಿಲ್ಲುವ ವಲಯ’ ಅಂತ ಬರೆಯಿರಿ. ಉದ್ದ ಆಯಿತು, ಆಗಲಿ. ಸಮಾಸವೇ ಅಲ್ಲದ ಮೇಲೆ ಅರಿಸಮಾಸದ ಮಾತೂ ಬರುವುದಿಲ್ಲ.

‘ಹೊರಗ್ರಹ’ ಮಾತ್ರ ಬೇಡವೇ ಬೇಡ. ಗುರು, ಶನಿ, ಯುರೇನಸ್, ನೆಪ್ಚೂನ್‌ಗಳನ್ನು ಹೊರಗ್ರಹ ಅನ್ನುವುದು ರೂಢಿಯಲ್ಲಿದೆ, ಸುಮ್ನೆ ಗೊಂದಲ. ಮೇಲೆ ದೊಡ್ಡದಾಗಿ ‘ಎಕ್ಸೋಪ್ಲಾನೆಟ್’, ಕೆಳಗೆ ‘ಬೇರೆ ನಕ್ಷತ್ರದ ಗ್ರಹ’ ಅಂತಿದ್ದರೆ ಸಾಕು.

ಇನ್ನು ‘ಗ್ರಹ’ ಬಿಡಲು ನನಗೆ ಮನಸ್ಸಿಲ್ಲ. ಗ್ರಹ, ಗ್ರಹಣ ಎರಡೂ ‘ಹಿಡಿ’ ಅನ್ನುವ ಒಂದೇ ಧಾತುವಿನವು. ಈ ಏಳೂ ಸಿಕ್ಕಿದ್ದು ಹಾಗೆಯೇ ಅಲ್ವಾ? ಪ್ರತಿಯೊಂದು ಗ್ರಹ ನಕ್ಷತ್ರದ ಮುಂದೆ ಹಾದಾಗ ಬೆಳಕು ನೂರಕ್ಕೆ ಒಂದು ಪಾಲಿಗಿಂತ ಕಡಿಮೆ ಕುಂದುತ್ತದೆ, ಅದನ್ನು ಅಳೆದೇ 2017ರಲ್ಲಿ ಏಳರ ಲೆಕ್ಕ ಹೊರಗೆ ಬಂತು. ಗ್ರಹಣ ನೋಡಿದ ಮಗುವಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

---

ಅದು ಗ್ರಹಣ ಅಲ್ಲ, ಸಂಕ್ರಮ. 2012ರಲ್ಲಿ ಶುಕ್ರ ಸೂರ್ಯನ ಮುಂದೆ ಹಾದಾಗ ‘ಶುಕ್ರ ಸಂಕ್ರಮ’ ಅಂತಲೇ ಬರೆದರು. ಗ್ರಹಣ ಅಂದರೆ ಮುಚ್ಚುವುದು. ಸಂಕ್ರಮವೂ ಬೇಡ, ‘ಹಾಯುವಿಕೆ’ ಸಾಕು.

---

‘ನೀರು ನಿಲ್ಲುವ ವಲಯ’ ತೆಗೆದುಕೊಂಡೆ. ಎಕ್ಸೋಪ್ಲಾನೆಟ್ ಹಾಗೇ ಇರಲಿ. ‘ಹಾಯುವಿಕೆ’ ಬದಲು ‘ನಕ್ಷತ್ರದ ಮುಂದೆ ಹಾದಾಗ’ ಅಂತ ವಾಕ್ಯವನ್ನೇ ಬರೆದಿದ್ದೇನೆ. ಅರಿಲ್ ಹಾಕಿಲ್ಲ, ಮಕ್ಕಳಿಗೆ ತಿಳಿಯುವುದಿಲ್ಲ.