ಗುಲ್ಮಾರ್ಗ್ ಗೊಂಡೊಲಾ: ಚಿಕ್ಕಮ್ಮನಿಗೆ ಮೊದಲ ಹಂತ ಸಾಕು

ರೇಖಾ, ಟೈಪ್ ಮಾಡುತ್ತಾ ಕೂತರೆ ಮುಗಿಯುವುದಿಲ್ಲ, ಅದಕ್ಕೆ ಮಾತಿನಲ್ಲೇ ಹೇಳುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ, ಅಡುಗೆ ಮಾಡುತ್ತಾ ಕೇಳು. ಮೇ ತಿಂಗಳಲ್ಲಿ ಕಾಶ್ಮೀರಕ್ಕೆ ಹೋದಾಗ ಗುಲ್ಮಾರ್ಗ್ ಗೊಂಡೊಲಾದ, ಅಂದರೆ ಅಲ್ಲಿನ ಕೇಬಲ್ ಕಾರ್‌ನ, ಎರಡೂ ಹಂತಕ್ಕೆ ಎಲ್ಲರಿಗೂ ಟಿಕೆಟ್ ಮಾಡಿಸಲಾ ಅಂತ ಗ್ರೂಪ್‌ನಲ್ಲಿ ಕೇಳಿದ್ದೀಯ. ಚಿಕ್ಕಮ್ಮನೂ ಬರುತ್ತಾರೆ, ಅವರಿಗೆ ಬಿಪಿ ಇದೆ. ಮೂರ್ತಿ ಮಾವ ಅದಕ್ಕೆ "ಅಷ್ಟು ದೂರ ಹೋಗಿ ತುದಿ ನೋಡದೆ ಬರೋದಾ?" ಅಂತ ಹಾಕಿದ್ದಾರೆ. ಮಾವ, ಬೇಜಾರು ಮಾಡಿಕೊಳ್ಳಬೇಡಿ, ಈ ವಿಷಯದಲ್ಲಿ ನಾನು ನಿಮ್ಮ ಪಾರ್ಟಿ ಅಲ್ಲ. ಚಿಕ್ಕಮ್ಮನಿಗೆ ಮೊದಲ ಹಂತ ಸಾಕು.

ಯಾಕೆ ಅಂದರೆ, ಗುಲ್ಮಾರ್ಗ್ ಊರೇ ಸುಮಾರು 2,650 ಮೀಟರ್ ಎತ್ತರದಲ್ಲಿದೆ. ಮೊದಲ ಹಂತ ಕೊಂಗ್ಡೂರಿ ತನಕ, ಅದು 3,100 ಮೀಟರ್ ಹತ್ತಿರ. ಎರಡನೆಯದು ಅಫರ್ವಾಟ್ ಬೆಟ್ಟಕ್ಕೆ, ಹೆಚ್ಚು ಕಡಿಮೆ 3,950 ಮೀಟರ್. ನಮ್ಮ ಮುಳ್ಳಯ್ಯನಗಿರಿಯ ತಲೆ ಮೇಲೆ ಇನ್ನೊಂದು ಮುಳ್ಳಯ್ಯನಗಿರಿ ಇಟ್ಟರೂ ಅಷ್ಟಾಗುವುದಿಲ್ಲ. ಅಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರ ಮಟ್ಟದಲ್ಲಿ ಸಿಗುವುದರ ಮೂರರಲ್ಲಿ ಎರಡು ಭಾಗವೂ ಇಲ್ಲ. ನಡೆದು ಹತ್ತಿದರೆ ಸುಸ್ತಾಗಿ ನಾವೇ ಅಲ್ಲಲ್ಲಿ ಕೂರುತ್ತೇವೆ, ದೇಹಕ್ಕೆ ಸ್ವಲ್ಪ ಸಮಯ ಸಿಗುತ್ತದೆ. ಕೇಬಲ್ ಕಾರ್‌ನಲ್ಲಿ ಆ ಮಾತೇ ಇಲ್ಲ. ಆರಾಮಾಗಿ ಕೂತು ಹರಟೆ ಹೊಡೆಯುತ್ತಿರುವಾಗಲೇ ಅಷ್ಟು ಎತ್ತರಕ್ಕೆ ಒಯ್ದು ಇಳಿಸಿಬಿಡುತ್ತದೆ. ಆಯಾಸವೇ ಆಗಿಲ್ಲವಲ್ಲ ಅಂತ ಇಳಿದ ತಕ್ಷಣ ಹಿಮ ಕಂಡು ಓಡುತ್ತಾರೆ ನೋಡು, ಆಗ ಶುರು ತಲೆನೋವು, ವಾಕರಿಕೆ, ಏದುಸಿರು. ಗಟ್ಟಿಮುಟ್ಟಾಗಿರುವ ಹುಡುಗರಿಗೂ ಹೀಗಾಗುತ್ತದೆ. ಹಾಗಾದರೆ ಅಲ್ಲೇ ಕೂತು ಕಾಯುವುದು ಬೇಡ, ಕೆಳಗೆ ಇಳಿಯುವುದೇ ಔಷಧಿ.

ಹಾಗಂತ ಮೊದಲ ಹಂತ ಸಪ್ಪೆ ಅಂದುಕೊಳ್ಳಬೇಡ. ನನ್ನನ್ನು ಕೇಳಿದರೆ ದಾರಿ ಚೆಂದ ಇರುವುದು ಅದರಲ್ಲೇ. ಪೈನ್, ಫರ್ ಮರಗಳ ತುದಿ ಪಕ್ಕದಲ್ಲೇ ಹಾದು ಹೋಗುತ್ತದೆ. ಕೆಳಗೆ ಗುಜ್ಜರರ ಮಣ್ಣಿನ ಮನೆಗಳು ಕಾಣುತ್ತವೆ, ಚಪ್ಪಟೆ ಮಾಳಿಗೆಯವು. ಬೇಸಿಗೆಯಲ್ಲಿ ದನ, ಕುರಿ ಹೊಡೆದುಕೊಂಡು ಬಂದು ಅಲ್ಲಿರುತ್ತಾರೆ, ಚಳಿಗಾಲಕ್ಕೆ ಇಳಿದು ಹೋಗುತ್ತಾರೆ. ಕೊಂಗ್ಡೂರಿಯಲ್ಲಿ ಅಗಲವಾದ ಬಯಲು, ಸುತ್ತಲೂ ಬೆಟ್ಟ. ಚಿಕ್ಕಮ್ಮ ಬಿಸಿಲಿಗೆ ಬೆನ್ನು ಕೊಟ್ಟು ಕೂತು ನೋಡುವುದಕ್ಕೆ ಹೇಳಿ ಮಾಡಿಸಿದ ಜಾಗ. ಎರಡನೇ ಹಂತದಲ್ಲಿ ಮರಗಳ ಎತ್ತರ ದಾಟಿ ಹೋಗುತ್ತೀರಿ, ಬರೀ ಬಂಡೆ, ಹಿಮ. ಮೇಲೆ ಗಾಳಿ ಅಂದರೆ ಗಾಳಿ. ನಿಜ ಹೇಳಬೇಕು, ಮೇ ಹೊತ್ತಿಗೆ ಕೊಂಗ್ಡೂರಿಯ ಹಿಮ ಬಹುಪಾಲು ಕರಗಿರುತ್ತದೆ, ಆಡುವಷ್ಟು ಹಿಮ ಬೇಕು ಅಂದರೆ ಮೇಲೇ ಹೋಗಬೇಕು. ಆಕಾಶ ತಿಳಿಯಾಗಿದ್ದರೆ ಅಲ್ಲಿಂದ ದೂರದಲ್ಲಿ ನಂಗಾ ಪರ್ಬತ್ ಕಾಣುತ್ತದೆ, 8,126 ಮೀಟರ್. ಹಾಗಾಗಿ ನೀನು, ನಿನ್ನ ಗಂಡ, ದೊಡ್ಡವಳು ಹೋಗಿ ಬನ್ನಿ. ಎರಡೂ ಹಂತದ ಟಿಕೆಟ್ ಬೇರೆ ಬೇರೆ, ಕೊಂಗ್ಡೂರಿಯಲ್ಲಿ ಹೇಗೂ ಇಳಿದು ಇನ್ನೊಂದು ಹತ್ತಬೇಕು. ಒಬ್ಬರು ಚಿಕ್ಕಮ್ಮನ ಜೊತೆ ಅಲ್ಲೇ ಉಳಿಯಿರಿ. ಮಾವ, ನೀವೂ ಕಾಶ್ಮೀರಕ್ಕೆ ಹೋಗುವುದಾದರೆ ಆ ಕೆಲಸ ನಿಮಗೇ! ಆದರೂ ಹೊರಡುವ ಮೊದಲು ಚಿಕ್ಕಮ್ಮನ ಡಾಕ್ಟರ್‌ಗೆ ಒಂದು ಮಾತು ಕೇಳಿಬಿಡು, ಮೊದಲ ಹಂತಕ್ಕೂ ಸೇರಿಸಿ.

ಇನ್ನೊಂದು ಯಾರೂ ಹೇಳುವುದಿಲ್ಲ. ಹತ್ತುವಾಗ ಕ್ಯಾಬಿನ್ ಪೂರ್ತಿ ನಿಲ್ಲುವುದಿಲ್ಲ. ಕೇಬಲ್ ಒಂದೇ ಸಮನೆ ಓಡುತ್ತಿರುತ್ತದೆ. ಸ್ಟೇಷನ್ ಒಳಗೆ ಬಂದಾಗ ಕ್ಯಾಬಿನ್ ಅದರ ಹಿಡಿತ ಬಿಟ್ಟು ನಿಧಾನವಾಗಿ ತೆವಳುತ್ತದೆ, ಅಷ್ಟರಲ್ಲಿ ಹತ್ತಬೇಕು. ಮಂಡಿ ನೋವಿನವರಿಗೆ ಗಾಬರಿ ಆಗುತ್ತದೆ. ಬಾಗಿಲ ಬಳಿ ಇರುವವರಿಗೆ ಮೊದಲೇ ಹೇಳಿ, ಕೈ ಹಿಡಿದು ಹತ್ತಿಸುತ್ತಾರೆ. ನೀನು ಮೊದಲು ಹತ್ತಿ ಒಳಗಿಂದ ಕೈ ಕೊಡು. ಕಂಬ ದಾಟುವಾಗ ಗಡಗಡ ಅನ್ನುತ್ತದೆ, ಅದು ರೋಲರ್ ಮೇಲೆ ಹೋಗುವ ಸದ್ದು ಅಷ್ಟೇ. ಕಿವಿ ಕಟ್ಟಿಕೊಂಡರೆ ಎಂಜಲು ನುಂಗಿದರೆ ಸರಿಹೋಗುತ್ತದೆ, ಚಿಕ್ಕವನ ಬಾಯಿಗೆ ಒಂದು ಪೆಪ್ಪರ್‌ಮೆಂಟ್ ಹಾಕು.

ಗಾಳಿ ಜಾಸ್ತಿ ಆದರೆ ನಿಲ್ಲಿಸುತ್ತಾರೆ, ಮುಖ್ಯವಾಗಿ ಎರಡನೇ ಹಂತ. ಆಗ ಕೌಂಟರ್ ಮುಂದೆ ಜಗಳ ಆಡುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. 2017ರ ಜೂನ್‌ನಲ್ಲಿ ಜೋರು ಗಾಳಿಗೆ ಮರ ಕೇಬಲ್ ಮೇಲೆ ಬಿದ್ದು ಏಳು ಜನ ತೀರಿಕೊಂಡರು. ನಿಲ್ಲಿಸಿದರೆ ನಿಲ್ಲಿಸಲಿ, ಕೆಳಗೆ ಗುಲ್ಮಾರ್ಗ್‌ನಲ್ಲೇ ಕುದುರೆ ನೋಡಿಕೊಂಡು ಬನ್ನಿ.

ಟಿಕೆಟ್ ಆನ್‌ಲೈನ್‌ನಲ್ಲೇ, ಮೊದಲೇ ಮಾಡಿಸು, ಬೇಗ ಖಾಲಿ ಆಗುತ್ತದೆ. ಐಡಿಯಲ್ಲಿ ಹೇಗಿದೆಯೋ ಹಾಗೇ ಹೆಸರು ಹಾಕು. ಬೆಳಗಿನ ಸ್ಲಾಟ್ ಹಿಡಿ. ಮಧ್ಯಾಹ್ನದ ಹೊತ್ತಿಗೆ ಬಿಸಿಲಿಗೆ ಕಣಿವೆಯ ಗಾಳಿ ಮೇಲೇರಿ ಮೋಡ ಕಟ್ಟುತ್ತದೆ, ಆಮೇಲೆ ನೋಡುವುದಕ್ಕೆ ಏನೂ ಇರುವುದಿಲ್ಲ. ದಾರಿಯಲ್ಲಿ ತಂಗ್‌ಮಾರ್ಗ್‌ನಲ್ಲಿ ಡ್ರೈವರ್ ಕೋಟು, ಬೂಟು ಬಾಡಿಗೆ ಅಂಗಡಿ ಮುಂದೆ ಗಾಡಿ ನಿಲ್ಲಿಸುತ್ತಾನೆ. ಮೇಲೆ ಹೋಗುವವರು ಮಾತ್ರ ತೆಗೆದುಕೊಳ್ಳಿ, ಚಿಕ್ಕಮ್ಮನಿಗೆ ಸ್ವೆಟರ್, ಶಾಲು, ಟೋಪಿ ಇದ್ದರೆ ಆಯಿತು. ಗುಲ್ಮಾರ್ಗ್‌ಗಿಂತ ಅಫರ್ವಾಟ್‌ನಲ್ಲಿ ಸುಮಾರು ಎಂಟು ಡಿಗ್ರಿ ಕಡಿಮೆ ಇರುತ್ತದೆ, ಗಾಳಿಯ ಚಳಿ ಬೇರೆ. ಕಪ್ಪು ಕನ್ನಡಕ ಎಲ್ಲರಿಗೂ ಬೇಕು, ಹಿಮದ ಮೇಲಿನ ಬಿಸಿಲು ಕಣ್ಣು ಬಿಡಲು ಕೊಡುವುದಿಲ್ಲ. ಫೋನ್ ಒಳಜೇಬಿನಲ್ಲಿ ಇಟ್ಟುಕೋ, ಚಳಿಗೆ ಬ್ಯಾಟರಿ ಸರ್ರಂತ ಇಳಿಯುತ್ತದೆ.

ತಾರೀಖು ಗಟ್ಟಿ ಆದರೆ ಹೇಳು, ಬುಕಿಂಗ್ ನಾನೇ ಕೂತು ಮಾಡಿಕೊಡುತ್ತೇನೆ. ಮಾವ, ನಿಮಗೆ ಇನ್ನೂ ಒಪ್ಪಿಗೆ ಇಲ್ಲದಿದ್ದರೆ ಫೋನ್ ಮಾಡಿ, ಗ್ರೂಪ್‌ನಲ್ಲಿ ಬೇಡ, ಚಿಕ್ಕಮ್ಮ ಎಲ್ಲವನ್ನೂ ಓದುತ್ತಾರೆ.